ಅಂಬಾರಿ ನಡಿಗೆಯ ರಕ್ಷಣಾ ದಳ

ಕೆಲವರ ಹಣೆಯಲ್ಲೇ ಬರೆದಿರುತ್ತದೆ ಅಂತ ಕಾಣುತ್ತದೆ. ನಾನು ಹತ್ತಿದ ಬಸ್ಸು ಕೆಟ್ಟು ನಿಲ್ಲುತ್ತದೆ, ನಾನು ತಂದ ಹಾಲು ಒಡೆಯುತ್ತದೆ. ಅಂಥವನು ದೇಶ ಕಾಯಲು ಹೊರಟರೆ ಏನಾದೀತು ಎಂದು ನನಗೆ ಮೊದಲೇ ತಿಳಿಯಬೇಕಿತ್ತು.

ಅರವತ್ತೆರಡರಲ್ಲಿ ಚೀನಾದವರು ಗಡಿ ದಾಟಿದರು ಎಂದು ರೇಡಿಯೋದಲ್ಲಿ ಕೇಳಿ ದೇಶವೆಲ್ಲ ಎದ್ದು ನಿಂತಿತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಬೀದಿಯೂ ಎದ್ದು ನಿಂತಿತು. ನನಗೆ ಮಾತ್ರ ಕೂತುಕೊಳ್ಳುವ ಆಸೆ. ನಾನಾಗ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ವಯಸ್ಸು ನಲವತ್ತು ದಾಟಿತ್ತು, ಮಂಡಿಗಳಿಗೆ ನನಗಿಂತ ಬೇಗ ಮುಪ್ಪು ಬಂದಿತ್ತು. ಬೆಳಗಿನ ನಿದ್ದೆಯೊಂದು ಬಿಟ್ಟರೆ ದೇವರ ಹತ್ತಿರ ನಾನು ಬೇರೇನೂ ಕೇಳಿದವನಲ್ಲ. ಆ ನಿದ್ದೆಯನ್ನು ನಮ್ಮ ಬಡಾವಣೆಯ ಸ್ವಯಂಸೇವಕ ರಕ್ಷಣಾ ದಳ ಹೇಗೆ ತಿಂದುಹಾಕಿತು ಎಂಬುದನ್ನಷ್ಟೇ ಹೇಳುತ್ತೇನೆ. ಶೌರ್ಯದ ಕತೆ ಬೇಕಾದವರು ಬೇರೆ ಯಾರನ್ನಾದರೂ ಕೇಳಬೇಕು.

ನಕ್ಷೆ ಕಾಯಲು ಹೋದವನು

ದಳ ಕಟ್ಟಲು ಭಜನೆ ಮಂದಿರದಲ್ಲಿ ಸಭೆ. ಕರೆದವರು ನಮ್ಮ ಬೀದಿಯ ವಕೀಲರು. ಅವರು ಕೋರ್ಟಿನಲ್ಲಿ ಮಾತಾಡಿ ಮಿಕ್ಕದ್ದನ್ನು ಸಂಜೆ ಬೀದಿಯಲ್ಲಿ ಆಡುತ್ತಿದ್ದರು. ಭಾಷಣಕ್ಕೆ ಶತ್ರುವನ್ನು ತೋರಿಸಬೇಕು, ಅದಕ್ಕೆ ಏಷ್ಯಾ ಖಂಡದ ನಕ್ಷೆ ಬೇಕು ಎಂದು ನಮ್ಮ ಸ್ಕೂಲಿನಿಂದ ತರಿಸಿಕೊಂಡಿದ್ದರು. ಹೆಡ್‌ಮಾಸ್ಟರು ನನ್ನನ್ನು ಕರೆದು, "ನಕ್ಷೆ ಜೊತೆ ನೀವೂ ಹೋಗಿ. ಒಂದು ಗೀರು ಬೀಳದ ಹಾಗೆ ವಾಪಸ್ಸು ತರಬೇಕು" ಅಂದರು. ನಾನು ಹೋದದ್ದು ಏಷ್ಯಾ ಖಂಡವನ್ನು ಕಾಯಲು. ದೇಶ ಕಾಯುವ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ.

ವಕೀಲರು ಅರ್ಧ ಭಾಷಣ ಮಾಡಿ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಶತ್ರು ಎಲ್ಲಿದಾನೆ, ಸ್ವಲ್ಪ ತೋರಿಸಿ."

ತೋರಿಸಿದೆ.

"ಒಂಟಿಕೊಪ್ಪಲ್ ಎಲ್ಲಿ?"

ಏಷ್ಯಾದ ನಕ್ಷೆಯಲ್ಲಿ ಒಂಟಿಕೊಪ್ಪಲ್ ಎಲ್ಲಿಂದ ಬರಬೇಕು? ಅಂದಾಜಿನ ಮೇಲೆ ಬೆರಳಿಟ್ಟೆ. ಇಡೀ ಮೈಸೂರು ಸೀಮೆ ನನ್ನ ಬೆರಳಿನ ಕೆಳಗೆ ಮುಚ್ಚಿಹೋಯಿತು.

"ದೂರ ಎಷ್ಟಾಗುತ್ತೆ?"

"ಸಾವಿರದೈನೂರು ಮೈಲಿ ಆಗಬಹುದು" ಅಂದೆ.

ಸಭೆಯಲ್ಲಿ ಸ್ವಲ್ಪ ನಿರಾಸೆಯಾಯಿತು. ವಕೀಲರು ಬಿಡುವವರೇ? "ದೂರ ಅಂತ ಮೈಮರೀಬಾರದು! ಶತ್ರು ಬರೋ ದಾರಿ ಗೊತ್ತಿರೋರು ನಮ್ಮಲ್ಲಿ ಮೇಷ್ಟ್ರು ಒಬ್ಬರೇ. ಆದ್ದರಿಂದ ಅವರೇ ದಳದ ಉಪನಾಯಕರು" ಎಂದು ಸಾರಿದರು. ಚಪ್ಪಾಳೆ ಬಿತ್ತು. ನನ್ನ ಕೈಯಲ್ಲಿ ನಕ್ಷೆ ಸುತ್ತುವ ಕೋಲಿತ್ತು. ಅದನ್ನೇ ಆಯುಧ ಅಂದುಕೊಂಡು ಯಾರೋ ನನ್ನ ಕೊರಳಿಗೆ ಹಾರವನ್ನೂ ಹಾಕಿಬಿಟ್ಟರು.

ಆಗ ಹೆಂಗಸರ ಸಾಲಿನಿಂದ ನಮ್ಮ ಬೀದಿಯ ಕೊನೆಮನೆ ಅಜ್ಜಿ ಎದ್ದರು. ಎಂಬತ್ತರ ಹತ್ತಿರದ ಜೀವ, ಯಾರ ಮನೆಯ ಯಾವ ಕಾರ್ಯವೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ನಕ್ಷೆಯನ್ನೇ ದಿಟ್ಟಿಸಿ ನೋಡಿ ಕೇಳಿದರು:

"ಪಾಪ, ಅಷ್ಟು ದೂರದಿಂದ ಬರ್ತಾರೆ ಅಂತೀಯಲ್ಲಪ್ಪ. ಊಟ ಮಾಡ್ಕೊಂಡು ಬರ್ತಾರೋ, ಇಲ್ಲಿಗೆ ಬಂದು ಮಾಡ್ತಾರೋ?"

ಆನೆ ನಿಂತಿದೆ

ದಿನಾ ಬೆಳಗಿನ ಜಾವ ಮೈದಾನದಲ್ಲಿ ಕವಾಯತು ಎಂದು ಗೊತ್ತಾಯಿತು. ಕಲಿಸಲು ಮಿಲಿಟರಿಯವರು ಬೇಕು. ಮಿಲಿಟರಿಯವರೆಲ್ಲ ಗಡಿಯಲ್ಲಿದ್ದರು. ಕೊನೆಗೆ ವಕೀಲರು ಕರೆತಂದದ್ದು ಜಮಾದಾರರನ್ನು.

ಜಮಾದಾರರೆಂದರೆ ಹಳ್ಳಿಯಿಂದ ಚಿಕ್ಕಂದಿನಲ್ಲೇ ಬಂದು ಅರಮನೆಯ ಚಾಕರಿಗೆ ಸೇರಿದವರು. ದಸರಾ ಮೆರವಣಿಗೆಯಲ್ಲಿ ಬೆಳ್ಳಿ ಕಟ್ಟಿನ ಕೋಲು ಹಿಡಿದು ಅಂಬಾರಿ ಆನೆಯ ಮುಂದೆ ಬನ್ನಿಮಂಟಪದವರೆಗೂ ನಡೆಯುವುದು ಅವರ ಕೆಲಸ. ಆಯುಷ್ಯವೆಲ್ಲ ಅದನ್ನೇ ಮಾಡಿದ್ದರು. ಬಿಳಿ ಮೀಸೆ, ಕೆಂಪು ರುಮಾಲು, ಕಂಬದ ಹಾಗೆ ನೆಟ್ಟಗಿನ ಬೆನ್ನು. ನೋಡಿದರೆ ಯಾರಿಗಾದರೂ ಗೌರವ ಬರಬೇಕು. ನಮಗೂ ಬಂತು. ಮೊದಲ ದಿನ ಅವರು "ಎಡಾ..." ಅನ್ನುವವರೆಗೆ.

"ಎಡಾ..." ಅಂದರು. ನಾವೆಲ್ಲ ಎಡಗಾಲು ಎತ್ತಿದೆವು. ಜಮಾದಾರರು ಚಾಮುಂಡಿ ಬೆಟ್ಟದ ಕಡೆ ಒಮ್ಮೆ ನೋಡಿದರು, ಉಸಿರು ಎಳೆದುಕೊಂಡರು, ಮೀಸೆ ನೀವಿದರು. ಆಮೇಲೆ "ಬಲಾ..." ಅಂದರು. ಅಷ್ಟರಲ್ಲಿ ನನ್ನ ಪಕ್ಕದ ಬೀಡಾ ಅಂಗಡಿಯವನು ಒಂಟಿಕಾಲಿನಲ್ಲಿ ನಿಲ್ಲಲಾರದೆ ನನ್ನ ಭುಜ ಹಿಡಿದುಕೊಂಡಿದ್ದ. ನಾನು ಅವನ ಭುಜ ಹಿಡಿದುಕೊಂಡಿದ್ದೆ.

ಹಾಗೆ ಸ್ವಲ್ಪ ದೂರ ಹೋದ ಮೇಲೆ ಜಮಾದಾರರು ಕೋಲೆತ್ತಿ ನಿಂತುಬಿಟ್ಟರು. ನಾವೂ ನಿಂತೆವು. ಬಹಳ ಹೊತ್ತಾಯಿತು. ಚಳಿ, ಮಂಜು, ಮೂಗು ಸೋರುತ್ತಿತ್ತು.

"ಯಾಕೆ ನಿಂತ್ರಿ ಜಮಾದಾರ್ರೇ?" ಅಂದೆ.

"ಆನೆ ನಿಂತದೆ ಸ್ವಾಮಿ."

ಹಿಂತಿರುಗಿ ನೋಡಿದೆ. ಮೈದಾನದಲ್ಲಿ ಒಂದು ಕತ್ತೆ ಮೇಯುತ್ತಿತ್ತು.

"ಇಂದ್ಗಡೆ ಆನೆ ಬತ್ತಾ ಅದೆ ಅಂತ ಮನಸಲ್ಲಿ ಇಟ್ಕಬೇಕು ಕಣ್ರೀ. ಅದು ನಿಂತಾಗ ನಾವು ಮುಂದ್ಕೆ ಓಗ್ಬುಟ್ರೆ ಮರ್ಯಾದೆ ಏನುಳಿತು?"

ನನಗೆ ಸಿಟ್ಟು ಬಂದಿತ್ತು. ಕವಾಯತು ಮುಗಿದ ಮೇಲೆ, ಇದು ಯುದ್ಧದ ಕಾಲ, ಸ್ವಲ್ಪ ಜೋರಾಗಿ ನಡೆಸಿ ಎಂದು ಹೇಳಲು ಹೋದೆ. ಜಮಾದಾರರು ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚುತ್ತಿದ್ದರು.

"ವಯಸ್ಸಾಯ್ತು ಅಂತ ಈ ವರ್ಸ ನನ್ನ ಮನೇಗೆ ಕಳಿಸ್ಬುಟ್ರು ಮೇಷ್ಟ್ರೇ" ಅಂದರು. "ದಸರಾ ದಿವಸ ಜನದ ಮಧ್ಯೆ, ಅಗ್ಗ ಕಟ್ಟಿದ್ರಲ್ಲ, ಅದ್ರ ಇಂದೆ ನಿಂತ್ಕಂಡಿದ್ದೆ. ಬರೀ ತಲೆಗಳು ಕಂಡ್ವು. ಅಷ್ಟು ವರ್ಸ ಅದರ ಮುಂದೆ ನಡ್ದಿವ್ನಿ, ಅಂಬಾರಿ ಆನೇನ ಎದುರ್ಗಡೆಯಿಂದ ಒಂದ್ಸಲಾನೂ ನೋಡ್ನಿಲ್ಲ. ಇನ್ನು ಮಲಗ್ಬುಡದೇಯ ಅಂದ್ಕಂಡಿದ್ದೆ. ಅಷ್ಟ್ರಲ್ಲಿ ವಕೀಲ್ರು ಬಂದು ಕರುದ್ರು. ಈ ದಳ ಒಂದು ನಿಂತೋಗ್ದಂಗೆ ನೋಡ್ಕಳಿ, ನಿಮ್ಮ ದಮ್ಮಯ್ಯ."

ನಾನು ಆಗಲಿ ಎಂದು ತಲೆಯಾಡಿಸಿದೆ. ಈ ದಳ ಬೇಗ ನಿಂತುಹೋಗಲಿ ಎಂದು ನಾನು ಆವತ್ತು ಬೆಳಿಗ್ಗೆಯಷ್ಟೇ ಚಾಮುಂಡಿ ತಾಯಿಗೆ ಹರಕೆ ಹೊತ್ತಿದ್ದೆ.

ಮಾರನೆಯ ದಿನ ಮೈದಾನದಿಂದ ಭಜನೆ ಮಂದಿರಕ್ಕೆ ನಮ್ಮ ಮೊದಲ ನಡಿಗೆ. ಹೊರಟಾಗ ನಮ್ಮ ಹಿಂದೆ ಮೊಸರಿನವಳು ಬರುತ್ತಿದ್ದಳು. ನಮ್ಮನ್ನು ದಾಟಿಕೊಂಡು ಹೋದಳು, ಸುತ್ತಲ ಬೀದಿಗಳಿಗೆಲ್ಲ ಮೊಸರು ಹಾಕಿದಳು, ಖಾಲಿ ಗಡಿಗೆ ಹೊತ್ತು ಎದುರಿಗೆ ವಾಪಸ್ಸು ಬಂದಳು. ನಾವು ಅಂಚೆ ಡಬ್ಬಿಯ ಹತ್ತಿರವೇ ಇದ್ದೆವು.

"ಇನ್ನೂ ವೊಂಟಿಲ್ವಾ ಸಾಮಿ?" ಅಂದಳು.

ಬುಟ್ಟಿ ಕೆಳಗಿನ ದೀಪ

ಒಂದು ಸಂಜೆ ಊರಿನ ದೀಪಗಳನ್ನೆಲ್ಲ ಆರಿಸಿ ಅಭ್ಯಾಸ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಮೇಲಿನವರಿಗೆ ಪಂಚಾಂಗ ನೋಡುವ ಅಭ್ಯಾಸ ಇರಲಿಲ್ಲ. ಅದು ಕಾರ್ತಿಕ ಮಾಸ. ಹೊಸ್ತಿಲಿಗೆ, ತುಳಸಿಕಟ್ಟೆಗೆ, ಕಾಂಪೌಂಡಿನ ಗೋಡೆಗೆ ಹೆಂಗಸರು ಸಾಲಾಗಿ ಹಣತೆ ಹಚ್ಚಿಡುವ ಕಾಲ.

ಎಲೆಕ್ಟ್ರಿಕ್ ದೀಪಗಳದ್ದು ತೊಂದರೆಯಾಗಲಿಲ್ಲ. ಯಾರೂ ಹೇಳದೆಯೇ ಆಗಾಗ ಅವು ಆರಿಹೋಗುತ್ತಿದ್ದವು. ಕಷ್ಟ ಬಂದದ್ದು ಹಣತೆಗಳಿಂದ. ದಳದವರೆಲ್ಲ ಮನೆಮನೆಗೆ ಹೊರಟೆವು. ನನ್ನ ಪಾಲಿಗೆ ಕೊನೆಮನೆ ಅಜ್ಜಿ ಬಂದರು.

"ಅಜ್ಜಿ, ದೀಪ ಆರಿಸಬೇಕಂತೆ."

"ಏನಂದೆ? ಕಾರ್ತಿಕದಲ್ಲಿ, ಮುಸ್ಸಂಜೆ ಹೊತ್ತಲ್ಲಿ, ಮುತ್ತೈದೆಯರಿರೋ ಮನೇಲಿ ನಿಂತು ಆಡೋ ಮಾತೇನಪ್ಪಾ ಇದು?"

"ವಿಮಾನಕ್ಕೆ ಕಾಣುತ್ತೆ ಅಜ್ಜಿ."

"ಕಾಣಲಿ. ಮೇಲಿರೋ ದೇವರಿಗೆ ಕಾಣಲಿ ಅಂತ ತಾನೆ ಹಚ್ಚಿರೋದು? ವಿಮಾನ ದೇವರಿಗಿಂತ ಮೇಲಿರುತ್ತೇನು?"

ನಾನು ಆಕಾಶದ ಕಡೆ ಒಮ್ಮೆ ನೋಡಿದೆ.

"ಬೇಕಾದರೆ ನೀನೇ ಊದು" ಅಂದರು ಅಜ್ಜಿ, ಕೈಕಟ್ಟಿ ಪಕ್ಕಕ್ಕೆ ಸರಿದು. "ಪಾಪ ನಿನಗಿರಲಿ, ಪುಣ್ಯ ಚೀನಾದವರಿಗೆ ಹೋಗಲಿ."

ನಾನು ಬಗ್ಗಿ ಊದಬೇಕು ಅನ್ನುವಷ್ಟರಲ್ಲಿ ಎದುರು ಸಾಲಿನಲ್ಲಿ ನನ್ನ ಹೆಂಡತಿ ಕಂಡಳು. ನಮ್ಮ ಹೊಸ್ತಿಲ ಹಣತೆಗಳಿಗೆ ಸೆರಗು ಮರೆ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. ಊದಿದರೆ ನಾಳೆಯಿಂದ ಹೋಟೆಲೂಟ ಎಂದು ಆ ನೋಟ ಸ್ಪಷ್ಟವಾಗಿ ಹೇಳುತ್ತಿತ್ತು. ನಾನು ನೆಟ್ಟಗೆ ನಿಂತೆ.

ಜಮಾದಾರರು ದಾರಿ ತೋರಿಸಿದರು. "ಆರಿಸೋದು ಬ್ಯಾಡ ಬುಡಿ. ಬುಟ್ಟಿ ಕವುಚಿ ಆಕನ. ದೀಪಾನೂ ಇರ್ತದೆ, ಬೆಳಕೂ ಕಾಣಾಕಿಲ್ಲ." ಎಲ್ಲರಿಗೂ ಇದು ಒಪ್ಪಿಗೆಯಾಯಿತು. ಬೀದಿಯಲ್ಲಿದ್ದ ಬಿದಿರು ಬುಟ್ಟಿಗಳೆಲ್ಲ ಹೊರಗೆ ಬಂದು ಹಣತೆಗಳ ಮೇಲೆ ಕೂತವು. ಬಿದಿರು ಬುಟ್ಟಿಯಲ್ಲಿ ಸಂದು ಎಷ್ಟಿರುತ್ತದೆ ಎಂಬುದನ್ನು ಯಾರೂ ಯೋಚಿಸಲಿಲ್ಲ.

ವಕೀಲರು ತಪಾಸಣೆಗೆಂದು ತಮ್ಮ ತಾರಸಿ ಹತ್ತಿದ್ದರು. ಊರೆಲ್ಲ ಗವ್ವೆನ್ನುವ ಕತ್ತಲೆ. ನಮ್ಮ ಬೀದಿ ಮಾತ್ರ ಎರಡೂ ಕಡೆ ಚುಕ್ಕಿ ಚುಕ್ಕಿಯಾಗಿ, ಗೋಡೆಗಳ ಮೇಲೆಲ್ಲ ಬೆಳಕಿನ ಜಾಲರಿ ಹರಡಿಕೊಂಡು ಹೊಳೆಯುತ್ತಿತ್ತು. ನಿಜವಾಗಿ ಬಹಳ ಚೆನ್ನಾಗಿತ್ತು. ಜನ ಅಭ್ಯಾಸ ಮರೆತು ಬೀದಿಯಲ್ಲಿ ನಿಂತು ನೋಡುತ್ತಿದ್ದರು.

ವಕೀಲರು ಕೆಳಗಿಳಿದು ಬಂದು ನನ್ನ ಮುಂದೆ ನಿಂತರು.

"ಮೇಷ್ಟ್ರೇ, ಇಷ್ಟು ದೊಡ್ಡ ದೇಶದಲ್ಲಿ ಒಂಟಿಕೊಪ್ಪಲ್ ಎಲ್ಲಿದೆ ಅಂತ ಹುಡುಕೋದು ಅವರಿಗೊಂದು ಕಷ್ಟ ಇತ್ತು. ಅದನ್ನೂ ತಪ್ಪಿಸಿಬಿಟ್ರಿ."

ಗೂಢಚಾರ

ಗೂಢಚಾರರ ಬಗ್ಗೆ ಎಚ್ಚರವಾಗಿರಿ ಎಂದು ವಕೀಲರು ದಿನಾ ಹೇಳುತ್ತಿದ್ದರು. ನಮಗೂ ಒಬ್ಬನಾದರೂ ಸಿಗಲಿ ಎಂಬ ಆಸೆ ಇತ್ತು. ಒಂದು ಭಾನುವಾರ ಬೀಡಾ ಅಂಗಡಿಯವನು ಓಡಿಬಂದ. "ಸಾರ್, ಸಿಕ್ಕಿದ!"

ಕರಿ ಕೋಟು, ಕೊಡೆ, ಕೈಚೀಲದ ಒಬ್ಬ ಅಪರಿಚಿತರು ಬೆಳಗಿನಿಂದ ಬೀದಿಯಲ್ಲಿ ಸುಳಿದಾಡುತ್ತಿದ್ದರಂತೆ. ವಕೀಲರ ಮನೆಯಲ್ಲಿ ಎಷ್ಟು ಜನ, ಯಾರು ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾರೆ, ಯಾರು ಯಾರು ಬಂದು ಹೋಗುತ್ತಾರೆ ಎಂದು ಅಂಗಡಿಯಲ್ಲಿ ಕೇಳಿದ್ದರು. ಅಗಸರವಳನ್ನೂ ಕೇಳಿದ್ದರು. ದಳದ ನಾಯಕರ ಮನೆಯ ಮೇಲೇ ಕಣ್ಣು! ನಾವು ಸುತ್ತುವರಿದೆವು. ಕಟ್ಟಲು ಹಗ್ಗ ಇರಲಿಲ್ಲ, ನನ್ನ ಮಫ್ಲರಿನಿಂದಲೇ ಕೈ ಕಟ್ಟಿ ಭಜನೆ ಮಂದಿರಕ್ಕೆ ತಂದೆವು.

ಮನುಷ್ಯ ಗಟ್ಟಿಗರು. ಬಾಯಿ ಬಿಡಲಿಲ್ಲ.

"ಯಾಕೆ ವಿಚಾರಿಸ್ತಿದ್ರಿ?"

"ಹೇಳೋ ಹಾಗಿಲ್ಲ. ಹೇಳಿದರೆ ಕೆಲಸ ಕೆಡುತ್ತೆ."

"ಯಾರು ಕಳಿಸಿದ್ದು?"

"ಹಿರಿಯರು."

"ಎಲ್ಲಿರೋದು ಅವರು?"

"ಕಡಕೊಳದ ಕಡೆ."

ಚೀನಾದವರು ಮೈಸೂರಿನ ಪಕ್ಕದ ಕಡಕೊಳದವರೆಗೆ ಬಂದಿದ್ದಾರೆ ಎಂದು ತಿಳಿದು ಬೀಡಾ ಅಂಗಡಿಯವನ ಮುಖ ಬಿಳುಪೇರಿತು. ಅಷ್ಟರಲ್ಲಿ ವಕೀಲರು ಬಂದರು. ಎಷ್ಟೋ ದಿನದಿಂದ ಕಾದಿದ್ದ ಪಾಟೀಸವಾಲು. ಕೋಟಿನ ಗುಂಡಿ ಹಾಕಿಕೊಂಡು ಗುಡುಗಿದರು:

"ನಿಜ ಬೊಗಳು! ನಿನ್ನಂಥ ಕಳ್ಳರನ್ನ ಎಷ್ಟು ನೋಡಿಲ್ಲ ನಾನು! ಆ ಮನೆ ತಂಟೆ ನಿನಗೇನು?"

ಪಾಪ ಆ ಮನುಷ್ಯರಿಗೆ ಇನ್ನು ತಡೆಯಲಾಗಲಿಲ್ಲ.

"ನನ್ನ ಅಣ್ಣನ ಮಗನಿಗೆ ಆ ಮನೆ ಹುಡುಗೀನ ಕೇಳೋಣ ಅಂತ ಸ್ವಾಮಿ. ಹುಡುಗಿ ತಂದೆ ಯಾರೋ ವಕೀಲರಂತೆ. ಹೇಳ್ದೆ ಕೇಳ್ದೆ ಬಂದು ಸುತ್ತಮುತ್ತ ವಿಚಾರಿಸೋದು ತಾನೆ ಪದ್ಧತಿ? ಮನುಷ್ಯ ಎಂಥೋರು, ಬಾಯಿ ಹೇಗೆ ಅಂತ ತಿಳ್ಕೊಂಡು ಹೋಗೋಕೆ ಬಂದಿದ್ದೆ."

ಮಗಳ ಮದುವೆಗಾಗಿ ವಕೀಲರು ಹತ್ತದ ಗುಡಿಯಿಲ್ಲ, ತೋರಿಸದ ಜಾತಕವಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ವಕೀಲರ ಮುಖ ಕೆಂಪಾಯಿತು, ಹಳದಿಯಾಯಿತು. ಮೆಲ್ಲಗೆ ಬಂದು ಆ ಮನುಷ್ಯರ ಪಕ್ಕದಲ್ಲಿ ಕೂತರು. ತಾವೇ ನನ್ನ ಮಫ್ಲರಿನ ಗಂಟು ಬಿಚ್ಚುತ್ತ, ನಾನು ಹಿಂದೆಂದೂ ಕೇಳದ ಜೇನಿನಂಥ ದನಿಯಲ್ಲಿ ಹೇಳಿದರು:

"ಆ ವಕೀಲರಾ? ಬಹಳ ಸಾಧು ಮನುಷ್ಯ ಅಂತ ಎಲ್ಲರೂ ಹೇಳ್ತಾರಪ್ಪ."

ಗುಂಡಿ

ಹುಡುಗಿ ಕಡೆಯವರ ಬೀದಿಯಲ್ಲಿ ಇಷ್ಟು ಬಂದೋಬಸ್ತಿದೆ ಎಂದು ಮೆಚ್ಚಿ ಕಡಕೊಳದವರು ಒಪ್ಪಿಬಿಟ್ಟರು. ಮಾಘ ಮಾಸಕ್ಕೆ ಲಗ್ನ ಗೊತ್ತಾಯಿತು. ಅಷ್ಟರಲ್ಲಿ ಯುದ್ಧ ನಿಂತುಹೋಗಿತ್ತು. ನಮ್ಮ ಕವಾಯತು ನಿಲ್ಲಲಿಲ್ಲ. ನಿಲ್ಲಿಸಿ ಎಂದು ನಮಗೆ ಹೇಳಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಇದಕ್ಕೂ ಮೊದಲೇ ನಾವು ಬೀದಿಯ ಪಾರ್ಕಿನಲ್ಲಿ ಒಂದು ಗುಂಡಿ ತೋಡಿದ್ದೆವು. ವಿಮಾನ ಬಂದು ಬಾಂಬು ಹಾಕಿದರೆ ಜನ ಇಳಿದು ಕೂರಲಿಕ್ಕೆ. ಎದೆಯಾಳ, ಉದ್ದಕ್ಕೆ, ನಡುನಡುವೆ ಸೊಟ್ಟಗೆ ತಿರುಗಿಸಿ ತೋಡಬೇಕೆಂದು ಹುಕುಂ ಇತ್ತು. ಬಾಂಬಿನ ಚೂರು ಒಂದು ಕಡೆ ಸಿಡಿದರೆ ಇನ್ನೊಂದು ಕಡೆಗೆ ಹೋಗಬಾರದಂತೆ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಸೀಮೆಸುಣ್ಣ ಹಿಡಿಯಲಿಕ್ಕೂ ಆಗದೆ ಒಂದು ವಾರ ಮಕ್ಕಳಿಗೆ ಬಾಯಲ್ಲೇ ನದಿಗಳನ್ನು ಹರಿಸಿದೆ.

ಮದುವೆಯ ಚಪ್ಪರ ಹಾಕಿದ್ದು ಆ ಪಾರ್ಕಿನ ಪಕ್ಕದಲ್ಲೇ. ಮದುವೆಯ ದಿನವೇ ಅಪಾಯದ ಗಂಟೆಯ ಅಭ್ಯಾಸವೂ ಬಿತ್ತು. ಹುಡುಗಿಯ ತಂದೆಗೆ ಅದು ನೆನಪಿರಲಿಲ್ಲ. ಜಮಾದಾರರಿಗೆ ನೆನಪಿತ್ತು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಆಗಲೇಬೇಕು ಎನ್ನುವವರು ಅವರು. ನಮ್ಮ ಸ್ಕೂಲಿನ ಗಂಟೆಯನ್ನೇ ಮರಕ್ಕೆ ಕಟ್ಟಿ ಢಣಢಣ ಬಾರಿಸಿದರು. ಬೀದಿಯವರು, ಮದುವೆಗೆ ಬಂದವರು, ವಾಲಗದವರು, ಎಲ್ಲರನ್ನೂ ಕರೆದುಕೊಂಡು ನಾನು ಪಾರ್ಕಿಗೆ ಓಡಿದೆ.

ಗುಂಡಿಯಿಂದ ಹೊಗೆ ಏಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ ತಳದಲ್ಲಿ ಉದ್ದಕ್ಕೂ ಇಟ್ಟಿಗೆ ಜೋಡಿಸಿ, ಸೌದೆ ತುಂಬಿ ಬೆಂಕಿ ಹಾಕಿದ್ದರು. ಮೇಲೆ ಕಬ್ಬಿಣದ ಸರಳಿಟ್ಟು ಕೊಳದಪ್ಪಲೆಗಳನ್ನು ಸಾಲಾಗಿ ಕೂರಿಸಿದ್ದರು. ಒಂದರಲ್ಲಿ ಹುಳಿ, ಒಂದರಲ್ಲಿ ಅನ್ನ, ತುದಿಯದರಲ್ಲಿ ಪಾಯಸ ಕುದಿಯುತ್ತಿತ್ತು.

ಅಡಿಗೆ ಭಟ್ಟರು ಸೌಟು ಎತ್ತಿಕೊಂಡು ಅಡ್ಡ ಬಂದರು. "ಯಾರ್ರೀ ಅದು? ಒಲೆಗೆ ಇಳೀತೀರಾ?"

"ಇದು ಒಲೆಯಲ್ಲ ಭಟ್ಟರೇ, ನಾವು ಜನರ ರಕ್ಷಣೆಗೆ ತೋಡಿರೋ ಗುಂಡಿ."

"ಓಹೋ, ತೋಡಿದ್ದು ನೀವಾ!" ಭಟ್ಟರ ಮುಖ ಅರಳಿತು. "ಒಳ್ಳೆ ಕೆಲಸ ಮಾಡಿದೀರಿ. ಇಲ್ಲದಿದ್ರೆ ನೆಲ ಅಗೆದು ಒಲೆ ಹೂಡೋಕೇ ನನಗೆ ಒಂದು ದಿನ ಹಿಡೀತಿತ್ತು. ಆದ್ರೆ ಮಧ್ಯೆಮಧ್ಯೆ ಯಾಕ್ರೀ ಸೊಟ್ಟ ಮಾಡಿದ್ರಿ? ಸೌದೆ ಒಳಗೆ ತಳ್ಳೋಕಾಗಲ್ಲ. ಮುಂದಿನ ಸಲ ನೆಟ್ಟಗೆ ತೋಡಿ."

ಗುಂಡಿಗೆ ಇಳಿಯಬೇಕಾಗಿದ್ದವರೆಲ್ಲ ಇನ್ನೇನು ಮಾಡುವುದು ಎಂದು ಪಂಕ್ತಿಯಲ್ಲಿ ಕೂತರು. ದಳದವರೂ ಕೂತೆವು. ಹುಳಿ ಅಮೃತದಂತಿತ್ತು. ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತ ಜಮಾದಾರರು ಸಮಾಧಾನದಿಂದ ಹೇಳಿದರು:

"ಗುಂಡಿ ದಂಡ ಆಗ್ನಿಲ್ಲ ಬುಡಿ ಮೇಷ್ಟ್ರೇ. ಎಷ್ಟು ಜನರ ಪ್ರಾಣ ಉಳಿಸ್ತು ನೋಡಿ."

ಸವಾರಿ

ಮದುವೆ ಕಳೆದ ಮೇಲೆ ಸುದ್ದಿ ಬಂತು. ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಮೇಜರ್ ಸಾಹೇಬರು ಊರಿನ ದಳಗಳನ್ನೆಲ್ಲ ನೋಡಿಕೊಂಡು ಬರುತ್ತಾರೆ. ಯೋಗ್ಯವಾದವು ಉಳಿಯುತ್ತವೆ, ಅಯೋಗ್ಯವಾದವನ್ನು ಅಲ್ಲೇ ಮುಚ್ಚುತ್ತಾರೆ.

ನಾವು ಅಯೋಗ್ಯರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ರಾತ್ರಿ ಬಹಳ ದಿನದ ಮೇಲೆ ಹಾಡು ಗುನುಗುತ್ತ ಊಟ ಮಾಡಿದೆ. "ದಳ ಮುಚ್ಚಿದ್ರೆ ಬೆಳಿಗ್ಗೆ ನೀವೇ ನೀರು ತುಂಬಿಸಿ" ಎಂದು ಹೆಂಡತಿ ಹೇಳಿದ್ದಕ್ಕೂ ಆಗಲಿ ಅಂದೆ.

ತಪಾಸಣೆಯ ಹಿಂದಿನ ಸಂಜೆ ಜಮಾದಾರರು ಮನೆಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ನಾಳೆ ಜಲ್ದಿ ನಡೀರಿ ಅಂದ್ಬುಟ್ರೆ ಏನು ಮಾಡದು ಮೇಷ್ಟ್ರೇ? ಓಡಿ ಅಂದ್ಬುಟ್ರೆ? ನಾನು ಯಾರ್ಗೂ ಅದ ಕಲಿಸ್ನಿಲ್ಲ. ನಂಗೇ ಬರಾಕಿಲ್ಲ." ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಇದೂ ಓದ್ರೆ ನಾನು ಬೆಳಿಗ್ಗೆ ಎದ್ದು ಎಲ್ಗೆ ಓಗ್ಲಿ?"

ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನನ್ನ ಮನಸ್ಸೇನೋ ಕರಗಿತು, ಮಂಡಿ ಮಾತ್ರ ಕರಗಲಿಲ್ಲ. "ಚಾಮುಂಡಿ ತಾಯಿ ಇದಾಳೆ, ಹೋಗಿ ಮಲಗಿ" ಎಂದು ಕಳಿಸಿದೆ. ತಾಯಿ ಯಾರ ಹರಕೆ ಕೇಳಬೇಕು ಎಂಬುದನ್ನು ಅವಳಿಗೇ ಬಿಟ್ಟೆ.

ಮೇಜರ್ ಸಾಹೇಬರನ್ನು ದೊಡ್ಡ ರಸ್ತೆಯಲ್ಲಿ ಎದುರುಗೊಂಡು ಮೈದಾನಕ್ಕೆ ಕರೆತರಬೇಕೆಂದು ವಕೀಲರು ಏರ್ಪಾಡು ಮಾಡಿದ್ದರು. ಬೆಳಿಗ್ಗೆ ಜೀಪು ಬಂತು. ಒಳಗೆ ಗರಿಗರಿ ಇಸ್ತ್ರಿಯ ಬಟ್ಟೆಯಲ್ಲಿ ಸಾಹೇಬರು, ಕಲ್ಲಿನಂಥ ಮುಖ. "ಮೈದಾನ ಎಲ್ಲಿ? ನನಗೆ ಹೊತ್ತಿಲ್ಲ, ಇನ್ನೊಂದು ದಳ ನೋಡಬೇಕು" ಅಂದರು.

"ಇಲ್ಲೇ ಸಾರ್, ನಮ್ಮವರು ದಾರಿ ತೋರಿಸ್ತಾರೆ" ಅಂದರು ವಕೀಲರು.

ಜಮಾದಾರರು ಹೋಗಿ ಜೀಪಿನ ಮುಂದೆ ನಿಂತರು. ಅವರ ಹಿಂದೆ ಎರಡು ಸಾಲಾಗಿ ನಾವು. ನಮ್ಮ ಬೀದಿ ಕಿರಿದು, ಎರಡು ಕಡೆಯೂ ಚರಂಡಿ. ಪಕ್ಕದಿಂದ ಒಂದು ಸೈಕಲ್ಲೂ ದಾಟುವಂತಿರಲಿಲ್ಲ.

"ಎಡಾ..." ಅಂದರು ಜಮಾದಾರರು.

ಡ್ರೈವರು ಹಾರ್ನ್ ಹೊಡೆದ. ಜಮಾದಾರರ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಆ ನಡಿಗೆಗೆ ಜೀಪು ಒಗ್ಗಲಿಲ್ಲ. ಗುರ್ ಎಂದು ನರಳಿ, ಕೆಮ್ಮಿ, ನಿಂತುಹೋಯಿತು. ಇಂಜಿನ್ನಿನ ಸದ್ದು ನಿಂತದ್ದೇ ತಡ ಜಮಾದಾರರ ಕೋಲು ಮೇಲೆದ್ದಿತು. ಆನೆ ನಿಂತಿದೆ. ನಾವೆಲ್ಲ ಒಂದೇ ಹೆಜ್ಜೆಯಲ್ಲಿ ನಿಂತೆವು. ಜೀಪು ಹೊರಟಿತು, ನಾವೂ ಹೊರಟೆವು. ಮತ್ತೆ ನಿಂತಿತು, ಮತ್ತೆ ನಿಂತೆವು. ಅಷ್ಟು ದಿನ ನಮ್ಮ ಹಿಂದೆ ಇಲ್ಲದ ಆನೆ ಆವತ್ತು ನಿಜವಾಗಿ ಬರುತ್ತಿತ್ತು. ನಮ್ಮಿಂದ ಒಂದು ತಪ್ಪೂ ಆಗಲಿಲ್ಲ.

ಮುಂದೆ ಕೆಂಪು ರುಮಾಲು, ಕೋಲು, ಹಿಂದೆ ಎತ್ತರದಲ್ಲಿ ಕೂತ ಯಾರೋ ದೊಡ್ಡವರು. ಮೈಸೂರಿನ ಜನಕ್ಕೆ ಇನ್ನೇನು ಹೇಳಬೇಕು? ಬಾಗಿಲುಗಳು ತೆರೆದವು. ಕೊನೆಮನೆ ಅಜ್ಜಿ ಆರತಿ ತಟ್ಟೆ ಹಿಡಿದು ಜೀಪಿಗೆ ಅಡ್ಡ ನಿಂತರು.

"ಅಜ್ಜಿ, ಅವರು ತಪಾಸಣೆಗೆ ಬಂದಿರೋದು" ಎಂದು ನಾನು ಪಿಸುಗುಟ್ಟಿದೆ.

"ಯಾತಕ್ಕಾದರೂ ಬರಲಿ. ಮನೆ ಮುಂದೆ ಸವಾರಿ ಬಂದಾಗ ಆರತಿ ಎತ್ತದೆ ಕಳಿಸ್ತಾರೇನೋ?"

ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದವರು ಟೋಪಿ ತೆಗೆದು ಹಣೆ ಬಗ್ಗಿಸಿದರು. ಅಜ್ಜಿ ಕುಂಕುಮ ಇಟ್ಟರು. ಪಕ್ಕದ ಮಹಡಿಯಿಂದ ಸೇವಂತಿಗೆ ಬಿತ್ತು. ನಾವು ಮತ್ತೆ ಹೊರಟೆವು. ಮುಂದಿನ ತಿರುವಿನಲ್ಲಿ ನಾನು ಕಳ್ಳನೋಟದಲ್ಲಿ ಹಿಂತಿರುಗಿ ನೋಡಿದರೆ ಸಾಹೇಬರು ಜೀಪಿನಲ್ಲಿ ಎದ್ದು ನಿಂತಿದ್ದರು. ಭಜನೆ ಮಂದಿರ ಬರುವ ಹೊತ್ತಿಗೆ ಎಡಕ್ಕೂ ಬಲಕ್ಕೂ ಕೈಮುಗಿಯುತ್ತಿದ್ದರು.

ಮೈದಾನ ಸೇರಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಕವಾಯತು ನೋಡಲು ಹೊತ್ತೇ ಉಳಿದಿರಲಿಲ್ಲ. ಸಾಹೇಬರು ಇಳಿದರು. ಭುಜದ ಮೇಲಿನ ಹೂವಿನ ಎಸಳು ಕೊಡವಿ ಮತ್ತೆ ಕಲ್ಲಿನ ಮುಖ ಮಾಡಿಕೊಂಡರು.

"ನಿಮ್ಮವರಿಗೆ ಬಂದೂಕು ಹಿಡಿಯೋಕೆ ಬರುತ್ತಾ?"

"ಇಲ್ಲ ಸ್ವಾಮಿ" ಅಂದರು ಜಮಾದಾರರು.

"ಓಡೋಕೆ?"

"ಬರಾಕಿಲ್ಲ ಸ್ವಾಮಿ."

ಮುಗಿಯಿತು ಅಂದುಕೊಂಡೆ. ಹಾಸಿಗೆ, ರಗ್ಗು, ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಆ ಮುದುಕನ ಮುಖ ನೋಡಿದೆ. ನನ್ನ ಹಾಳು ಹರಕೆಯನ್ನು ತಾಯಿ ಕೇಳದಿರಲಿ ಎಂದು ಆಗ ನಿಜವಾಗಿಯೂ ಅನ್ನಿಸಿತು.

"ಮತ್ತೆ ಶತ್ರು ಬಂದರೆ ಏನ್ರೀ ಮಾಡ್ತೀರಿ?" ಸಾಹೇಬರ ದನಿ ಏರಿತು.

ಜಮಾದಾರರು ತಮ್ಮ ನಡಿಗೆಯಷ್ಟೇ ನಿಧಾನವಾಗಿ ಯೋಚಿಸಿದರು.

"ಅವನ ಮುಂದೆ ನಡೀತೀವಿ ಸ್ವಾಮಿ."

"ಅಂದರೆ?"

"ತಾವು ಜೀಪಲ್ಲಿ ಬಂದ್ರಿ. ನಮ್ಮನ್ನ ದಾಟಾಕಾಯ್ತಾ?"

ಸಾಹೇಬರು ಜೀಪಿನ ಕಡೆ ತಿರುಗಿ ನೋಡಿದರು.

"ಅವನ್ಗೂ ಅಷ್ಟೇಯ. ಅವನು ನಮ್ಮ ಇಂದೆ ಬಂದು ಈ ಮೈದಾನ ಸೇರೋ ಒತ್ಗೆ, ದಿಲ್ಲಿಯಿಂದ ನಮ್ಮ ದಂಡು ಬಂದು, ಸ್ನಾನ ಮಾಡಿ, ಊಟ ಮುಗಿಸ್ಕಂಡು, ಕಾಯ್ತಾ ಕೂತಿರ್ತದೆ."

ಮೇಜರ್ ಸಾಹೇಬರು ಜೀಪನ್ನು ಹಿಡಿದುಕೊಂಡು ನಕ್ಕರು. ನಗು ನಿಲ್ಲಲಿಲ್ಲ. ಡ್ರೈವರು ನೀರು ತಂದುಕೊಟ್ಟ. ಸಾಹೇಬರು ಕಣ್ಣೊರೆಸಿಕೊಂಡು, ಜಮಾದಾರರ ಎದುರು ಸರಿಯಾಗಿ ನಿಂತು ಅವರಿಗೊಂದು ಸೆಲ್ಯೂಟ್ ಹೊಡೆದರು. "ಈ ದಳ ಇರಲಿ" ಅಂದರು. ಜಮಾದಾರರ ಮೀಸೆಯ ಮೇಲೆ ಕಣ್ಣೀರಿಳಿಯುತ್ತಿತ್ತು. ನಾವೆಲ್ಲ ಹೋ ಎಂದು ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ ಎಂದು ಬೀಡಾ ಅಂಗಡಿಯವನು ಈಗಲೂ ಹೇಳುತ್ತಾನೆ. ಇರಬಹುದು.

ಆ ಸಂತೋಷ ಮಾರನೆಯ ಬೆಳಗಿನವರೆಗೆ ಇತ್ತು. ಮಂಜಿನಲ್ಲಿ ಬಾಗಿಲಿನ ಮೇಲೆ ಕೋಲಿನ ಸದ್ದು. ಟಕ್. ಬಹಳ ಹೊತ್ತಾದ ಮೇಲೆ ಇನ್ನೊಂದು ಟಕ್. ನಾನು ರಗ್ಗನ್ನು ತಲೆಯ ಮೇಲೆ ಎಳೆದುಕೊಂಡೆ. ಹೆಂಡತಿ ಅದನ್ನು ಕಾಲ ಕಡೆಯಿಂದ ಎಳೆದಳು.

"ರೀ, ಎದ್ದೇಳಿ. ಆನೆ ಕಾಯ್ತಾ ಇದೆ."